ಎರಡು ನಾಲದ ಮೌಲಾಚಾಚಾ

ಎದುರಿಗೆ ಬಂದವರ ಮುಖವನ್ನು ಮೌಲಾಚಾಚಾ ಕೊನೆಗೆ ನೋಡುತ್ತಿದ್ದರು. ಮೊದಲು ಪಾದ, ಆಮೇಲೆ ನಡಿಗೆ, ಪುರಸೊತ್ತು ಉಳಿದರೆ ಮುಖ. ದೇವಣಿಯ ದನದ ಬಜಾರಿನ ಬೇವಿನ ಮರದಡಿ ಜೀವಮಾನವಿಡೀ ಎತ್ತುಗಳ ಗೊರಸಿಗೆ ನಾಲ, ಅಂದರೆ ಲಾಳ, ಹೊಡೆದವರಿಗೆ ಅದೇ ರೂಢಿ. ನಾನು ಮೊದಲ ಸಲ ಹೋದಾಗ ನನ್ನ ಚಪ್ಪಲಿ ಕಳಚಿಸಿ, ತಿರುವಿ ನೋಡಿದರು.

“ಹಿಮ್ಮಡ ಹೊಸಾದ ಅದ ಮಾಸ್ತರ, ಬೆರಳಿನ ಕಡಿ ಅಷ್ಟೇ ಸವದಾದ. ನೀವು ನಿಂತಲ್ಲೇ ಓಡ್ಲತ್ತೀರಿ.”

ಸುಳ್ಳಲ್ಲ. ಉದಗೀರದ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವ ನಾನು ಮಳೆ ಬಂದರೆ ಬಂತೆಂದು, ಬಾರದಿದ್ದರೆ ಬರಲಿಲ್ಲವೆಂದು ಚಿಂತಿಸುವವನು. ಆ ವರ್ಷವಂತೂ ಚಿಂತೆಗೆ ಯೋಗ್ಯವಾದ ಕಾರಣವೇ ಇತ್ತು. ನನ್ನ ವಿದ್ಯಾರ್ಥಿಗಳು ಸೋಯಾಬೀನ್ ಸಾಲಿನಲ್ಲಿ ಕಳೆ ಕೀಳುವ ರೋಬೋಟ್ ಕಟ್ಟಿದ್ದರು. ಚಕ್ರ ಬೇಡ, ದೇವಣಿ ಎತ್ತಿನಂತೆ ನಾಲ್ಕು ಕಾಲಲ್ಲಿ ನಡೆಯಲಿ ಎಂದವನು ನಾನೇ. ವಲಾಂಡಿಯ ಹೊಲದಲ್ಲಿ ಪರೀಕ್ಷಕರ ಮುಂದೆ ಅದು ನಡೆಯದಿದ್ದರೆ ಅಷ್ಟೂ ಮಕ್ಕಳು ಫೇಲು. ಅದೋ, ಹಸಿ ಎರೆಮಣ್ಣಿನಲ್ಲಿ ಮೂರು ಹೆಜ್ಜೆ ಇಟ್ಟು ಕಾಲು ಕೀಳಲಾರದೆ ನಿಂತುಬಿಡುತ್ತಿತ್ತು. ಮೋಟರ್ ಬದಲಿಸಿದೆ, ಬ್ಯಾಟರಿ ಬದಲಿಸಿದೆ. ಕೊನೆಗೆ ಅದನ್ನು ಟೆಂಪೋದಲ್ಲಿ ಹಾಕಿಕೊಂಡು ಚಾಚಾನ ಬಳಿಗೆ ಹೋದೆ.

ಅದರ ಪಾದವೆಂದರೆ ನಾನೇ ಗೀಚಿಕೊಟ್ಟ ದುಂಡನೆಯ ಕಬ್ಬಿಣದ ತಟ್ಟೆ. ಚಾಚಾ ಅದನ್ನು ಬೆರಳಿನಿಂದ ಬಡಿದು, ಎತ್ತಿನ ಒಂದು ಕಾಲಿಗೆ ಎಷ್ಟು ನಾಲ ಹೊಡೆಯುತ್ತಾರೆಂದು ಕೇಳಿದರು. ಒಂದು ಎಂದೆ, ಧೈರ್ಯವಾಗಿ. ನಾಲ ಹೊಡೆಸಲು ಬಂದಿದ್ದ ರೈತರು ನಕ್ಕರು.

“ಎರಡ ರೀ, ಎರಡ. ಗೊರಸ ಸೀಳೇದ. ಕೆಸರಾಗ ಇಟ್ರ ಬಾಯಿ ತೆರೀತದ, ಎತ್ತಿದ್ರ ಮುಚ್ಚಿ ಕೆಸರು ಬಿಡತದ. ನೀವು ಪಾಪ ಅದರ ಬಾಯೇ ಹೊಲಿದುಬಿಟ್ಟೀರಿ.”

ತಟ್ಟೆಯನ್ನು ಎರಡು ಹೋಳು ಮಾಡಿ ಬಾಗಿಲಿಗೆ ಹಾಕುವಂಥ ಬಿಜಾಗರಿ ಹಾಕಿ ಜೋಡಿಸಿದೆವು. ಕಾಲಿಗೆ ಕೂಡಿಸುವ ಮೊದಲು, ನಾಲ ಹೊಡೆಯಲು ಎತ್ತನ್ನು ಕೆಡವುವಂತೆ ಯಂತ್ರವನ್ನೂ ಮಗ್ಗುಲಾಗಿ ಮಲಗಿಸಿ ಹಗ್ಗದಿಂದ ಕಾಲು ಕಟ್ಟಬೇಕೆಂದು ಚಾಚಾ ಹಟ ಹಿಡಿದರು. ವೈರು ಕಿತ್ತೀತೆಂದು ನನಗೆ ದಿಗಿಲು. ಇದಕ್ಕೆ ಜೀವವಿಲ್ಲ ಎಂದೆ.

“ಜೀವ ಇಲ್ಲಂದ್ರ ಒದಿಯಂಗಿಲ್ಲೇನು?”

ಕಟ್ಟಿದರು. ಬೋಲ್ಟ್ ಬಿಗಿಯುತ್ತಿದ್ದಾಗ ಯಂತ್ರ ಜೋರಾಗಿ ಕಾಲು ಝಾಡಿಸಿತು, ಹಗ್ಗ ತಡೆಯಿತು. ಗಾಬರಿಯಲ್ಲಿ ಸ್ವಿಚ್ ಬಂದ್ ಮಾಡುವುದನ್ನು ಮರೆತವನು ಯಾರೆಂದು ಹೇಳಬೇಕಿಲ್ಲ. ಚಾಚಾ ಅದರ ಬೆನ್ನು ಸವರಿ, ನನ್ನ ಕಡೆ ನೋಡದೆ, “ಹೆದರಬ್ಯಾಡಪ್ಪಾ” ಎಂದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ.

ವಲಾಂಡಿಯಲ್ಲಿ ನಾಲ್ಕನೆಯ ಹೆಜ್ಜೆಗೆ ನಾನು ಕಣ್ಣು ಮುಚ್ಚಿದೆ. ‘ಪಚಕ್’ ಎಂದು ಕೆಸರು ಕಾಲು ಬಿಟ್ಟ ಸದ್ದು ಕೇಳಿಸಿತು. ಮತ್ತೊಂದು ಪಚಕ್. ಕಣ್ಣು ಬಿಟ್ಟಾಗ ಯಂತ್ರ ಸಾಲಿನ ತುದಿಯಲ್ಲಿತ್ತು, ಮಕ್ಕಳು ಕೆಸರಲ್ಲಿ ಕುಣಿಯುತ್ತಿದ್ದರು. ಎಲ್ಲರೂ ಪಾಸು. ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತಿದ್ದ ಚಾಚಾ ಮಾತ್ರ, ಎಡಗಡೆಯ ಹಿಂಗಾಲು ಜರಾ ಕುಂಟುತ್ತದೆ ಎಂದರು.

ಕೊನೆಯ ಸಲ ಕಂಡಾಗ ಅವರು ಹಾಸಿಗೆ ಹಿಡಿದಿದ್ದರು. ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ತರಿಸಿಕೊಂಡು ತಿರುವಿ ನೋಡಿದರು.

“ಹಿಮ್ಮಡನೂ ಸವೀಲತ್ತದ ಮಾಸ್ತರ. ನಿಲ್ಲೋದ ಕಲ್ತೀರಿ.”

ಅವರು ಹೋಗಿ ಎರಡು ಮಳೆಗಾಲವಾಯಿತು. ಆ ಚಪ್ಪಲಿಯನ್ನು ಇನ್ನೂ ಬಿಸಾಡಿಲ್ಲ. ಒಮ್ಮೊಮ್ಮೆ ತಿರುವಿ ನೋಡುತ್ತೇನೆ. ಹಿಮ್ಮಡಿ ನಿಜವಾಗಿಯೂ ಸವೆದಿದೆ. ಬಲಗಾಲಿನದು ತುಸು ಹೆಚ್ಚೇ ಸವೆದಿದೆ. ಅದು ಯಾಕೆಂದು ಕೇಳೋಣವೆಂದರೆ ಬೇವಿನ ಮರದಡಿ ಯಾರೂ ಇಲ್ಲ.