ಹಿಂದೆ ನಿಂತವರನ್ನು ನೋಡುತ್ತಿದ್ದ ಅಂಕಲ್

ಅಂಕಲ್ ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ತೈಲಬಾವಿಯ ಪೈಪೊಂದು ಅದನ್ನು ಕಿತ್ತುಕೊಂಡಿತ್ತಂತೆ. ಆ ಬೋಳು ಬೆರಳಿನಿಂದಲೇ ರಿಮೋಟ್ ಒತ್ತಿ, ಸಿನಿಮಾವನ್ನು ನಡುವೆ ನಿಲ್ಲಿಸುತ್ತಿದ್ದರು.

ಕೊಲ್ಲಿ ದೇಶದ ಖೈತಾನ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಅವರದು ಮೇಲಿನ ಮನೆ. ಗದಗದ ಕಡೆಯವರು, ಒಂಟಿ. ಶುಕ್ರವಾರ ಮಧ್ಯಾಹ್ನ ನಮ್ಮಲ್ಲಿ ಬಿರಿಯಾನಿ ಮಾಡಿದರೆ ಅವರಿಗೆಂದು ಬೇರೆ ಪಾತ್ರೆಯಲ್ಲಿ ತರಕಾರಿಯದು ಕಳಿಸುತ್ತಿದ್ದೆ. ಒಯ್ಯುತ್ತಿದ್ದ ಮಗಳು ಸಫಾ ಅಲ್ಲೇ ಕುಳಿತು ಹಳೆಯ ಕೌಬಾಯ್ ಚಿತ್ರ ನೋಡಿ ಬರುತ್ತಿದ್ದಳು.

"ಹೀರೋನ್ನ ಎಲ್ಲಾರೂ ನೋಡ್ತಾರ. ಹಿಂದ ನಿಂತಾವ್ರನ್ನ ನೋಡು," ಎನ್ನುವುದು ಅವರ ರೂಢಿ.

ಸಫಾಳ ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ಕೌಬಾಯ್ ನಾಟಕ ಇಟ್ಟರು. ಅವಳದು ಕೌಬಾಯ್‌ಗಳಿಗೆ ಎದುರಾಗುವ ಕಾಡಿನ ಹುಡುಗಿಯ ಪಾತ್ರ. ತಲೆಗೆ ಗರಿ ಸಿಕ್ಕಿಸಿಕೊಂಡು ಕಿರುಚುತ್ತಾ ಬರಬೇಕು, ಗುಂಡು ಹಾರಿದೊಡನೆ ಬೀಳಬೇಕು. "ನಿನಗೆ ಕಪ್ಪು ಬಣ್ಣ ಹಚ್ಚೋದೇ ಬೇಡ," ಎಂದಳಂತೆ ಜೊತೆಯ ಹುಡುಗಿ. ಅಂದು ಮನೆಗೆ ಬಂದವಳು ಬಾತ್‌ರೂಮಿನಿಂದ ಹೊರಗೇ ಬರಲಿಲ್ಲ. ಬಾಗಿಲು ತೆಗೆಸಿದಾಗ ಸೋಪಿನಿಂದ ಉಜ್ಜಿ ಉಜ್ಜಿ ಕೆನ್ನೆ ಕೆಂಪಾಗಿತ್ತು.

"ಐ ವೋಂಟ್ ಗೋ, ಮಮ್ಮಿ. ಮಂಗಳೂರಿಗೆ ಕಳಿಸು. ಅಜ್ಜಿ ಜೊತೆ ಇರ್ತೇನೆ."

ಮೂರು ದಿನ ಶಾಲೆಗೆ ಹೋಗಲಿಲ್ಲ. ಕಳಿಸಿಬಿಡುವುದೇ ಸರಿಯೇನೋ ಎಂದು ನಾನೂ ಗಂಡನೂ ಮಾತಾಡಿಕೊಳ್ಳತೊಡಗಿದೆವು. ಶುಕ್ರವಾರ ದಾರಿ ಕಾಣದೆ ಅವಳನ್ನು ಮೇಲೆ ಕರೆದೊಯ್ದು ಎಲ್ಲವನ್ನೂ ಹೇಳಿದೆ.

ಅಂಕಲ್ ಸಮಾಧಾನ ಹೇಳಲಿಲ್ಲ. ಟೀವಿ ಆರಿಸಿದರು.

"ನನ್ನ ಜೋಡಿ ಎಣ್ಣಿ ಬಾವಿ ರಿಗ್‌ನ್ಯಾಗ ಒಬ್ಬ ಅಮೆರಿಕಾದಾಂವ ಇದ್ದ. ಈ ಗರಿ ಮಂದಿ ಅಂತಾರಲ್ಲ, ಅದೇ ಕುಲದಾಂವ. ಒಮ್ಮೆ ಕ್ಯಾಂಪಿನ್ಯಾಗ ಇಂಥಾದ ಪಿಕ್ಚರ್ ಹಾಕಿದ್ರು. ಮುದುಕ ನಾಯಕ ಕೈ ಎತ್ತಿ ಏನೋ ದೊಡ್ಡ ಮಾತಾಡ್ತಾನ. ಕೆಳಗ 'ಯುದ್ಧ ಮಾಡ್ತೀವಿ' ಅಂತ ಇಂಗ್ಲಿಷಿನ್ಯಾಗ ಬಂತು. ನಮ್ಮಾಂವ ಬಿದ್ದು ಬಿದ್ದು ನಗಾಕ ಹತ್ತಿದ."

"ವೈ?" ಎಂದಳು ಸಫಾ.

"ಆ ಮುದುಕ ತಮ್ಮ ಭಾಷಾದಾಗ ಖರೇ ಅಂದಿದ್ದು, 'ಬಿಸಲಿಗೆ ಕಾಲು ಸುಡಾಕತ್ತಾವು, ಊಟ ಯಾವಾಗ ಕೊಡ್ತೀರಿ' ಅಂತ. ಪಿಕ್ಚರ್ ಮಾಡಿದಾವ್ರಿಗೆ ತಿಳೀಲೇ ಇಲ್ಲ."

ಸಫಾ ನಕ್ಕಳು. ಮೂರು ದಿನದಲ್ಲಿ ಅದೇ ಮೊದಲ ನಗು.

"ಖರೇ ದನಾ ಕಾದ ಕೌಬಾಯ್ ಮಂದ್ಯಾಗ ಕರಿ ಮಂದಿನೂ ಇದ್ರು, ಮೆಕ್ಸಿಕೋದವ್ರೂ ಇದ್ರು. ಪಿಕ್ಚರಿನ್ಯಾಗ ಹುಡುಕಿದ್ರೂ ಸಿಗೋದು ಕಷ್ಟ. ಗರಿ ಮಂದಿ ನಾಯಕನ ಪಾತ್ರಕ್ಕ ಎಷ್ಟೋ ಸಲ ಬಿಳಿಯರಿಗೇ ಬಣ್ಣಾ ಬಳದು ನಿಲ್ಲಸ್ತಿದ್ರು. ತಪ್ಪು ನಿನ್ನ ಮಾರೀದಲ್ಲವ್ವಾ, ಕಥಿ ಬರದಾವ್ರದ್ದು."

ಅಲ್ಲಿ ವಾರದ ಶಾಲೆ ಶುರುವಾಗುವ ಭಾನುವಾರ ಇಸ್ತ್ರಿ ಅಂಗಿ ತೊಟ್ಟು ನನ್ನೊಂದಿಗೆ ಶಾಲೆಗೆ ಬಂದರು. ಜಗಳವಾದೀತೆಂದು ನನಗೆ ಅಳುಕು. ಅವರು ಟೀಚರ್‌ಗೆ ಹಿಂದಿಯಲ್ಲಿ ಮೆಲ್ಲಗೆ ಹೇಳಿದ್ದು ಇಷ್ಟೇ: ಆ ಜನಕ್ಕೂ ಮಾತು ಬರುತ್ತಿತ್ತು, ಈ ಹುಡುಗಿಗೆ ಒಂದು ಮಾತು ಕೊಡಿ. ಎಳೆಯ ವಯಸ್ಸಿನ ಆ ಟೀಚರ್, "ನಾನು ಯೋಚಿಸಿಯೇ ಇರಲಿಲ್ಲ. ಅವಳು ಬೀಳುವುದು ಬೇಡ," ಎಂದರು.

ನಾಟಕದ ದಿನ ಸಫಾ ಕಿರುಚಲಿಲ್ಲ. ಕೌಬಾಯ್ ಹುಡುಗನ ಎದುರು ನಿಂತು ಅಂಕಲ್ ಕಲಿಸಿದ ಕನ್ನಡದಲ್ಲಿ ಹೇಳಿದಳು: "ಇದು ನಮ್ಮೂರು. ಕೇಳಿ ಒಳಗ ಬರ್ರಿ."

ಸಭಾಂಗಣದಲ್ಲಿದ್ದ ಕನ್ನಡದವರು ಚಪ್ಪಾಳೆ ತಟ್ಟಿದರು. ಏನೆಂದಳು ಎಂದು ಕೇಳಿ ತಿಳಿದುಕೊಂಡು ಉಳಿದವರೂ ತಟ್ಟಿದರು. ಅವಳನ್ನು ಮಂಗಳೂರಿಗೆ ಕಳಿಸುವ ಮಾತು ಅಂದೇ ನಿಂತಿತು.

ಕಳೆದ ವರ್ಷ ಅಂಕಲ್ ಕೆಲಸ ಮುಗಿಸಿ ಊರಿಗೆ ಹೊರಟರು. ಏರ್‌ಪೋರ್ಟಿನಲ್ಲಿ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. "ಇರ್ಲಿ ಬಿಡ ತಂಗಿ, ಬಿಪಿ ಗುಳಿಗಿ ಎಲ್ಲಿಟ್ಟೀನಿ ನೋಡು," ಎಂದರು. ಅವರ ಕೈಚೀಲದಲ್ಲಿ ಹುಡುಕಿ ಕೊಟ್ಟೆ. ಹೇಳಬೇಕಾದದ್ದು ಹೇಳಲಾಗಲಿಲ್ಲ. ನನ್ನ ಮಗಳು ನನ್ನ ಕಣ್ಣೆದುರೇ ಬೆಳೆಯುವಂತಾದದ್ದು ಅವರಿಂದ.