ಅಬ್ದುಲರಜಾಕನ ಹಗಲು ನಿದ್ದೆ

ಅಬ್ದುಲರಜಾಕ ಹದಿನೆಂಟು ವರ್ಷದಿಂದ ರಾತ್ರಿ ಬಸ್ಸು ಓಡಿಸುವವನು. ಹೆಂಡತಿ ಮಕ್ಕಳು ಇಂಡಿಯಲ್ಲಿ, ಬಸ್ಸು ಈಗ ಹೊರಡುವುದು ಸಿಂದಗಿಯಿಂದ. ಅದಕ್ಕೇ ಮೂರು ತಿಂಗಳ ಹಿಂದೆ ಸಿಂದಗಿಯ ಮಡಿವಾಳಪ್ಪನವರ ಚಾಳಿನಲ್ಲಿ ಒಂದು ಖೋಲಿ ಬಾಡಿಗೆ ಹಿಡಿದ. ಬೆಳಿಗ್ಗೆ ಎಂಟಕ್ಕೆ ಬಂದು ಮಲಗಬೇಕು, ಸಂಜೆ ಎದ್ದು ಹೋಗಬೇಕು. ಆ ಖೋಲಿಯಿಂದ ಅವನು ಬಯಸಿದ್ದು ನಿದ್ದೆಯೊಂದನ್ನೇ.

ಆ ನಿದ್ದೆಗೇ ಪಕ್ಕದ ಖೋಲಿಯ ಮಾಳಿಂಗಪ್ಪ ಕಲ್ಲು ಹಾಕಿದ್ದ. ಕಬ್ಬಿನ ಟ್ರ್ಯಾಕ್ಟರ್ ತಂದು ಇವನ ಕಿಟಕಿಗೇ ಹಚ್ಚಿ ನಿಲ್ಲಿಸುವುದು, ಅದರ ಸ್ಪೀಕರ್ ಜೋರು ಮಾಡುವುದು. ಗೋಡೆಯ ಕನ್ನಡಿ ಗಡಗಡ ನಡುಗುತ್ತಿತ್ತು. ಜಗಳಗಂಟನಾಗಿದ್ದರೆ ಒಂದು ಸಲ ಜಗಳವಾಡಿ ಮುಗಿಸಬಹುದಿತ್ತು. ಈ ಪುಣ್ಯಾತ್ಮ ಇವನನ್ನು ಕಂಡರೆ ಬಾಯ್ತುಂಬ ನಗುತ್ತಾನೆ, ಹೆಂಡತಿ ಹುಚ್ಚವ್ವನ ಕೈಯಲ್ಲಿ ಬಿಸಿ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಕಳಿಸುತ್ತಾನೆ. ಬೈಯಲು ಹೋದವನು ರೊಟ್ಟಿ ಹಿಡಿದುಕೊಂಡು ವಾಪಸು ಬರುತ್ತಿದ್ದ. ಇವನು ವೈರಿಯೋ, ಬಂಧುವೋ? ಯೋಚಿಸಿ ಯೋಚಿಸಿ ಅಬ್ದುಲರಜಾಕನ ತಲೆ ಮೊಸರುಗಡಿಗೆಯಾಯಿತು.

ಮೊನ್ನೆ ಕೊಲ್ಹಾರದ ಸೇತುವೆಯ ಮೇಲೆ ಕಣ್ಣು ಮುಚ್ಚಿಯೇ ಹೋಯಿತು. ಕಂಡಕ್ಟರ್ ಕೂಗದಿದ್ದರೆ ನಲವತ್ತು ಮಂದಿ ಕೃಷ್ಣೆಯ ಪಾಲಾಗುತ್ತಿದ್ದರು. ಸಿಂದಗಿ ಮುಟ್ಟಿ ಬಸ್ಸಿನಿಂದ ಇಳಿದವನೇ ಚಾಳಿನ ಮಾಲೀಕ ಮಡಿವಾಳಪ್ಪನವರ ಮನೆಗೆ ಹೋಗಿ ಮಾಳಿಂಗಪ್ಪನ ಹಾಡಿನ ಕಾಟ ಹೇಳಿಕೊಂಡ.

“ನೀ ಒಂದ್ ಮಾತ ಹೇಳಪಾ, ನಾಳೇನ ಅವನ ಖೋಲಿ ಖಾಲಿ ಮಾಡಸ್ತೇನಿ,” ಎಂದು ಅವರು ಜೊತೆಗೇ ಹೊರಟು ಬಂದರು. ಮಾಳಿಂಗಪ್ಪನನ್ನು ಹೊರಗೆ ಕರೆದು, “ಯಾಕೋ, ಈ ಮನುಷ್ಯಾನ ಕಿವ್ಯಾಗ ದಿನಾ ಹಾಡ ಹಚ್ಚತಿ?” ಎಂದು ಗದರಿದರು.

ಮಾಳಿಂಗಪ್ಪ ಕಕ್ಕಾಬಿಕ್ಕಿಯಾದ. “ಅವ್ರ ಸಲವಾಗೇ ಹಚ್ಚತೇನ್ರಿ ಮಾಲಕ್ರ. ಬಂದ ದಿನಾನ ಕೇಳಿದ್ದೆ, ಹಾಡಿಂದ ತ್ರಾಸ ಆಗತೈತೇನ್ರಿ ಅಂತ. ‘ಏ, ಭಾಳ ಚೊಲೊ ಅದಾವ, ಹಚ್ಚರಿ’ ಅಂದ್ರು. ಮನಿಮಂದಿ ಬಿಟ್ಟು ಒಬ್ಬರ ಇರ್ತಾರ, ಬ್ಯಾಸರ ಕಳೀಲಿ ಅಂತ ಕಿಟಕಿಗೆ ಹಚ್ಚಿ ನಿಲ್ಲಸ್ತೇನಿ.”

ಅಬ್ದುಲರಜಾಕನಿಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು. ಹೌದು, ಅಂದಿದ್ದ. ಹೊಸ ಜಾಗ, ಮೊದಲ ದಿನವೇ ಯಾಕೆ ಮನಸ್ಸು ನೋಯಿಸಬೇಕೆಂದು ಅಂದಿದ್ದ. ಹಾಗಾದರೆ ಆ ನಲವತ್ತು ಜನರನ್ನು ಹೊಳೆಗೆ ತಳ್ಳಹೊರಟವರು ಯಾರು? ಸಿಟ್ಟು ಯಾರ ಮೇಲೆ ಮಾಡಬೇಕೆಂಬುದೇ ತಿಳಿಯಲಿಲ್ಲ.

“ನನಗ ಹಗಲು ನಿದ್ದಿ ಬೇಕ್ರಿ, ಮಾಳಿಂಗಪ್ಪಣ್ಣ,” ಎಂದ, ನೆಲ ನೋಡುತ್ತ. ಸೇತುವೆಯ ಸಂಗತಿಯನ್ನೂ ಹೇಳಿದ.

ಮಾಳಿಂಗಪ್ಪ ಸ್ಪೀಕರಿನ ವೈರು ಕಿತ್ತ, ಟ್ರ್ಯಾಕ್ಟರನ್ನು ಓಣಿಯ ಆಚೆ ತುದಿಗೆ ಒಯ್ದ. ಓಣಿ ತಣ್ಣಗಾಯಿತು. ಅಬ್ದುಲರಜಾಕ ಚಾದರ ಎಳೆದುಕೊಂಡ. ಮೂರು ತಿಂಗಳ ನಿದ್ದೆ ಒಮ್ಮೆಲೇ ಬಂತು.

ಸ್ವಲ್ಪ ಹೊತ್ತಿಗೇ ಯಾರೋ ಮೆಲ್ಲಗೆ ಬಾಗಿಲು ಬಡಿದರು. ಎದ್ದು ತೆರೆದರೆ, ರೊಟ್ಟಿಯ ತಾಟು ಹಿಡಿದು ಮಾಳಿಂಗಪ್ಪ ನಿಂತಿದ್ದ.

“ಚೊಲೊ ನಿದ್ದಿ ಹತ್ತೈತೋ ಇಲ್ಲೋ ನೋಡಿ ಹೋಗೂಣಂತ ಬಂದೆ,” ಎಂದು ಪಿಸುಗುಟ್ಟಿದ. “ಎಬ್ಬಿಸಿದ್ನೇನ್ರಿ?”

“ಏ, ಇಲ್ರಿ, ಎಚ್ಚರನ ಇದ್ದೆ,” ಎಂದ ಅಬ್ದುಲರಜಾಕ. “ಬರ್ರಿ, ಕುಂದರ್ರಿ.”