ಪೂರ್ವಕ್ಕೆ ಕಾಲುವೆ

ನಮ್ಮ ಮನೆಯ ಪಕ್ಕದಲ್ಲಿ ಒಂದು ಕಾಲುವೆ ಇದೆ ಎಂದು ನನಗೆ ತಿಳಿಸಿದ್ದು ಬ್ಯಾಂಕು. ಮದುವೆಯಾಗಿ ಶಹಾಪುರಕ್ಕೆ ಬಂದಾಗಿನಿಂದ ಅದೇ ಮನೆಯಲ್ಲಿದ್ದೇನೆ, ಒಂದು ದಿನವೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮಾವನವರು ಬಿಟ್ಟುಹೋದ ಹಳೆಯ ಮನೆಯನ್ನು ಅಡವಿಟ್ಟು, ಸಾಲ ತೆಗೆದು ಸ್ಲ್ಯಾಬ್ ಹಾಕಿಸಿದ್ದೆವು. ಅವಸರಕ್ಕೆ ಸಿಕ್ಕವರು ಒಂದು ಫೈನಾನ್ಸಿನವರು. ಸ್ಲ್ಯಾಬಿಗಿಂತ ಅವರ ಬಡ್ಡಿಯೇ ಭಾರವಾಯಿತು. ನನ್ನ ಟೀಚರ್ ಸಂಬಳ ಮನೆಖರ್ಚಿಗೆ, ನಮ್ಮ ಯಜಮಾನರ ಬೀಜ-ಗೊಬ್ಬರದಂಗಡಿಯ ಪಗಾರ ಕಂತಿಗೆ. ಅದೂ ಸಾಲದೆ ಸಂಜೆ ಅವರು ಊರ ಹೊರಗಿನ ಲಾರಿ ಕಾಟಾದಲ್ಲಿ ತೂಕ ಬರೆಯಲು ಹೋಗುತ್ತಿದ್ದರು. ನೀರಾವರಿಯ ದೊಡ್ಡ ಕಾಲುವೆ ಬಂದ ಮೇಲೆ ನಮ್ಮ ಕಡೆ ಭತ್ತದ ಲಾರಿಗಳಿಗೆ ಬಿಡುವೆಂಬುದಿಲ್ಲ. ಅಂಗಡಿಯಿಂದ ನೇರ ಅಲ್ಲಿಗೆ ಹೋದರೆ, ಮರಳುವಷ್ಟರಲ್ಲಿ ಮಗಳು ಮಲಗಿಬಿಟ್ಟಿರುತ್ತಿದ್ದಳು. ಅಪ್ಪ ಎಂದರೆ ಬೆಳಿಗ್ಗೆ ನಿಂತೇ ಚಹಾ ಕುಡಿದು ಚಪ್ಪಲಿ ಹುಡುಕುವ ಮನುಷ್ಯ ಎಂದು ಅವಳು ತಿಳಿದಿದ್ದಳು. ತಮಗೆ ಜ್ವರ ಬಂದಾಗ ಮಾತ್ರ ಅವರು ಸಂಜೆ ಮನೆಯಲ್ಲಿರುತ್ತಿದ್ದರು. ಆಗ ಅವಳು ಅವರ ಹಾಸಿಗೆಯ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ.

ಯಾದಗಿರಿಯ ಬ್ಯಾಂಕೊಂದು ಆ ಸಾಲ ತೀರಿಸಿ, ಕಡಿಮೆ ಬಡ್ಡಿಗೆ ತನ್ನ ಕಡೆ ಬರೆದುಕೊಳ್ಳುತ್ತದೆ ಎಂದು ಯಾರೋ ಹೇಳಿದರು. ಕಂತು ಇಳಿದರೆ ಕಾಟಾ ಬಿಡಬಹುದು, ಕಾಟಾ ಬಿಟ್ಟರೆ ಸಂಜೆ ಇವರು ಮನೆಯಲ್ಲಿರುತ್ತಾರೆ. ನಾನು ಹಾಕಿದ ಲೆಕ್ಕ ಇಷ್ಟೇ. ನನಗೆ ಆ ಸಂಜೆಗಳು ಬೇಕಾಗಿದ್ದವು.

ಮಳೆಗಾಲಕ್ಕೆ ಮುಂಚೆ ಅರ್ಜಿ ಕೊಟ್ಟೆವು. ಶಾಲೆಗೆ ರಜೆ ಸಿಕ್ಕಾಗಲೆಲ್ಲ ನಾನು ಯಾದಗಿರಿಯ ಬಸ್ಸು ಹತ್ತಿದೆ. ಸಾಲದ ವಿಭಾಗದ ಅಧಿಕಾರಿ ಒಳ್ಳೆಯವನು. ಕುರ್ಚಿ ಕೊಡುತ್ತಿದ್ದ, ನೀರು ಕೊಡುತ್ತಿದ್ದ, ಸಾಲವೊಂದನ್ನು ಬಿಟ್ಟು ಎಲ್ಲವನ್ನೂ ಕೊಡುತ್ತಿದ್ದ.

"ಫೈಲ್ ಕಲಬುರಗಿಗಿ ಹೋಗ್ಯಾದ್ರಿ ಟೀಚರ್. ನಮ್ಮ ವಕೀಲರು ನೋಡಾಕತ್ತಾರ."

ಮುಂದಿನ ತಿಂಗಳು ಹೋದರೆ, "ಇನ್ನಾ ನೋಡಾಕತ್ತಾರ್ರಿ."

"ಹೆಣ್ಣು ನೋಡಾಕ ಬಂದವ್ರೂ ಇಷ್ಟೊತ್ತು ನೋಡಂಗಿಲ್ರಿ" ಎಂದೆ. ಅವನು ನಕ್ಕ. ಫೈಲು ಮಾತ್ರ ಕದಲಲಿಲ್ಲ.

ದಸರಾ ರಜೆಯ ಹೊತ್ತಿಗೆ ವಕೀಲರ ಆಕ್ಷೇಪ ಬಂತು. ಮಾವನವರ ಖರೀದಿ ಪತ್ರದಲ್ಲಿ ಮನೆಯ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಬರೆದ ಕಡೆ, "ಪೂರ್ವಕ್ಕೆ ಕಾಲುವೆ" ಎಂದಿದೆ. ಕಾಲುವೆ ದಂಡೆಯ ಜಾಗ ಸರಕಾರದ್ದಿರಬಹುದು, ನೀರಾವರಿ ಕಚೇರಿಯಿಂದ ತಕರಾರಿಲ್ಲವೆಂಬ ಪತ್ರ ತರಬೇಕು. ನಾನು ಅದನ್ನು ನಂಬಿಬಿಟ್ಟೆ. ಯಾವುದೋ ಕಾಲದಲ್ಲಿ ಒಂದು ಕವಲು ನಮ್ಮ ಓಣಿಯಲ್ಲಿ ಹಾದುಹೋಗಿ ಮುಚ್ಚಿರಬೇಕು ಎಂದುಕೊಂಡು ನೀರಾವರಿ ಕಚೇರಿಗೆ ಅಲೆದೆ. ಅಲ್ಲಿಯ ಗುಮಾಸ್ತರು ನಕ್ಷೆ ಹರಡಿ ನೋಡಿ, "ನಿಮ್ಮ ಓಣ್ಯಾಗ ನಮ್ಮ ಕಾಲುವಿನೇ ಇಲ್ರಿ. ಇಲ್ಲದ ಕಾಲುವಿಗಿ ಪತ್ರ ಹೆಂಗ ಕೊಡೂದು?" ಎಂದರು. ಬ್ಯಾಂಕಿಗೆ ಹೋಗಿ ಅದನ್ನೇ ಹೇಳಿದೆ. "ಹಂಗಾರ ಇಲ್ಲ ಅಂತ ಬರಸ್ಕೊಂಡು ಬರ್ರಿ" ಎಂದರು. ಇಲ್ಲದ್ದನ್ನು ಇಲ್ಲವೆಂದು ಬರೆದುಕೊಡುವ ಅಧಿಕಾರ ತಮಗಿಲ್ಲ ಎಂದರು ನೀರಾವರಿಯವರು. ಹೀಗೆ ಆ ಕಚೇರಿಗೂ ಈ ಕಚೇರಿಗೂ ತಿರುಗುತ್ತ ಚಳಿಗಾಲ ಬಂತು.

ಇದನ್ನೆಲ್ಲ ಯಜಮಾನರ ಮುಂದೆ ಕೂತು ಹೇಳಲು ಹೊತ್ತೇ ಸಿಕ್ಕಿರಲಿಲ್ಲ. ಕಾಗದಪತ್ರದ ಕೆಲಸ ನನ್ನದು ಎಂದು ಅವರೂ ಕೇಳಿರಲಿಲ್ಲ. ಒಂದು ಬೆಳಿಗ್ಗೆ ಅವರು ಚಪ್ಪಲಿ ಹುಡುಕುತ್ತಿದ್ದಾಗ ನಾನು ಪಾತ್ರೆ ಕುಕ್ಕಿ, "ನಿಮ್ಮಪ್ಪ ಆ ಕಾಲುವಿ ಎಲ್ಲಿಂದ ತಂದ್ರೋ" ಎಂದೆ.

"ಯಾವ ಕಾಲುವಿ?"

"ಪೂರ್ವಕ್ಕ ಕಾಲುವೆ ಅಂತ ಬರಸ್ಯಾರಲ್ರಿ, ಖರೀದಿ ಪತ್ರದಾಗ."

ಅವರು ಒಂದೇ ಚಪ್ಪಲಿಯಲ್ಲಿ ಹೊಸ್ತಿಲ ಮೇಲೆ ಕೂತುಬಿಟ್ಟರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅವರು ಹಾಗೆ ನಕ್ಕಿದ್ದನ್ನು ನೋಡಿ ಎಷ್ಟು ದಿನವಾಗಿತ್ತೋ, ನನ್ನ ಸಿಟ್ಟೂ ಇಳಿಯಿತು.

"ಅದು ಬಚ್ಚಲ ನೀರಿಂದು. ಅಪ್ಪ ಮನಿ ತೊಗೊಂಡಾಗ ಊರಿಗಿ ದೊಡ್ಡ ಕಾಲುವಿ ಎಲ್ಲಿತ್ತು? ನೀರು ಹರಿಯೂದೆಲ್ಲಾ ಕಾಲುವಿನೇ."

ಬಚ್ಚಲಮನೆಯ ಹಿಂದೆ, ನಮ್ಮ ಗೋಡೆಗೂ ಪಕ್ಕದವರ ಗೋಡೆಗೂ ನಡುವೆ, ಎರಡು ಮನೆಯ ನೀರು ಹೋಗುವ ಗೇಣಗಲದ ಕಲ್ಲಿನ ಮೋರಿ. ನಾನು ದಿನಾ ಪೊರಕೆ ಹಾಕಿ ಉಜ್ಜುತ್ತಿದ್ದದ್ದು ಅದನ್ನೇ.

ಬ್ಯಾಂಕಿಗೆ ಹೋಗಿ ಹೇಳಿದೆ. ಬಾಯಿಮಾತು ನಡೆಯುವುದಿಲ್ಲ ಎಂದರು. ಕೊನೆಗೆ ವಕೀಲರೇ ಸುರಪುರದ ಕೋರ್ಟಿಗೆ ಹೋಗುವಾಗ ಒಂದು ಬೆಳಿಗ್ಗೆ ಶಹಾಪುರದಲ್ಲಿ ಇಳಿದು ನಮ್ಮ ಮನೆಗೆ ಬಂದರು. "ಬರ್ರಿ ಸಾಹೇಬ್ರ, ನಮ್ಮ ಕಾಲುವಿ ತೋರಸ್ತೀನಿ" ಎಂದು ಯಜಮಾನರು ಅವರನ್ನು ಹಿತ್ತಲಿಗೆ ಕರೆದೊಯ್ದು ನಿಲ್ಲಿಸಿ, ಒಳಗೆ ಬಂದು ಬಚ್ಚಲಿಗೆ ಒಂದು ಬಕೆಟ್ ನೀರು ಸುರುವಿದರು. ಸಾಬೂನಿನ ನೊರೆ ತೇಲಿಸಿಕೊಂಡು ನೀರು ಮೋರಿಗೆ ಬಂತು. "ಕಾಲುವಿಗಿ ನೀರು ಬಿಟ್ಟಾರ!" ಎಂದು ಮಗಳು ಕೂಗಿಕೊಂಡು ಓಡಿದಳು. ನಮ್ಮ ಸೀಮೆಯ ರೈತರೆಲ್ಲ ಕಾಯುವ ಸುದ್ದಿ ಅದು. ವಕೀಲರು ಬೂಟು ಎತ್ತಿಕೊಂಡು ಪಕ್ಕಕ್ಕೆ ಸರಿದರು, ನಗು ತಡೆಯಲು ನೋಡಿದರು, ಆಗಲಿಲ್ಲ.

ವಕೀಲರು ಆಕ್ಷೇಪ ಬಿಟ್ಟ ಮೇಲೂ ಬ್ಯಾಂಕು ತನ್ನ ನಡಿಗೆಯನ್ನೇನೂ ಜೋರು ಮಾಡಲಿಲ್ಲ. ಸಾಲ ಬದಲಾಗಿ ಕಂತು ಇಳಿದಾಗ ಯುಗಾದಿ ಸಮೀಪಿಸಿತ್ತು. ಯಜಮಾನರು ಕಾಟಾ ಬಿಟ್ಟರು.

ಮೊದಲ ದಿನ ಬಿಸಿಲು ಇನ್ನೂ ಅಂಗಳದಲ್ಲಿರುವಾಗಲೇ ಮನೆಗೆ ಬಂದರು. ಬಂದವರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಕೈಕಾಲು ತೊಳೆದರು, ಚಹಾ ಕುಡಿದರು, ಗೋಡೆಗೊರಗಿ ಸುಮ್ಮನೆ ಕೂತರು. ಆಟ ಮುಗಿಸಿ ಬಂದ ಮಗಳು ಬಾಗಿಲಲ್ಲೇ ನಿಂತಳು. ಮುಖ ಸಣ್ಣದಾಯಿತು. ಮೆಲ್ಲಗೆ ಬಂದು, ಮಣ್ಣಾದ ಅಂಗೈಯನ್ನು ಅವರ ಹಣೆಯ ಮೇಲಿಟ್ಟಳು.

"ಅಪ್ಪಾ, ಜ್ವರ ಬಂದಾವೇನು?"

ನಾನು ಇಲ್ಲವೆನ್ನಲು ಬಾಯಿ ತೆರೆದೆ. ಇವರು ಕಣ್ಣಿನಲ್ಲೇ ನನ್ನನ್ನು ತಡೆದರು.

"ಹೂಂ, ಸ್ವಲ್ಪ ಬಂದಾವ" ಎಂದು ಕಣ್ಣು ಮುಚ್ಚಿಕೊಂಡರು. "ಕೈ ತೆಗೀಬ್ಯಾಡವಾ."